ಮಾತ್ರೆಯಿಂದ ಗುರುತಾದ ತಲೆನೋವು

ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ ಎಂಬುದು ತಲೆಯ ಒಂದೇ ಬದಿಗೆ, ಹೆಚ್ಚಾಗಿ ಕಣ್ಣಿನ ಸುತ್ತ ಮತ್ತು ಕಣತಲೆಯಲ್ಲಿ, ದಿನಕ್ಕೆ ಹಲವು ಸಲ ಬಂದು ಹೋಗುವ ಉಗ್ರ ನೋವಿನ ಕಾಯಿಲೆ. ಒಮ್ಮೆ ಬಂದ ನೋವು 2 ನಿಮಿಷದಿಂದ 30 ನಿಮಿಷದವರೆಗೆ ಇರುತ್ತದೆ. ಆ ಹೊತ್ತಿನಲ್ಲಿ ನೋವಿರುವ ಬದಿಯ ಕಣ್ಣು ಕೆಂಪಾಗಿ ನೀರು ಸುರಿಸುತ್ತದೆ, ಅದೇ ಬದಿಯ ಮೂಗಿನ ಹೊಳ್ಳೆ ಕಟ್ಟಿಕೊಳ್ಳುತ್ತದೆ ಇಲ್ಲವೇ ಸೋರುತ್ತದೆ, ಕೆಲವರಿಗೆ ರೆಪ್ಪೆ ಜೋಲುತ್ತದೆ. ಇದರ ಹತ್ತಿರದ ಬಂಧು ಹೆಮಿಕ್ರೇನಿಯಾ ಕಂಟಿನ್ಯುವಾ. ಅದರಲ್ಲಿ ನೋವು ಬಂದು ಹೋಗುವುದಿಲ್ಲ. ಬಂದದ್ದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಲ್ಲೇ ಬೀಡುಬಿಟ್ಟು, ನಡುನಡುವೆ ಕೆರಳುತ್ತದೆ. ಎರಡೂ ಅಪರೂಪದ ಕಾಯಿಲೆಗಳು. ಎರಡೂ ಇಂಡೊಮೆಥಸಿನ್ ಎಂಬ ಹಳೆಯ, ಅಗ್ಗದ ಕೀಲುನೋವಿನ ಮಾತ್ರೆಗೆ ಪೂರ್ತಿಯಾಗಿ ಬಗ್ಗುತ್ತವೆ. ಮಿಕ್ಕ ನೋವಿನ ಮಾತ್ರೆಗಳಿಗೆ ಹಾಗೆ ಬಗ್ಗುವುದಿಲ್ಲ. ರಕ್ತಪರೀಕ್ಷೆಯಲ್ಲಾಗಲಿ ಸ್ಕ್ಯಾನಿನಲ್ಲಾಗಲಿ ಇವುಗಳ ಗುರುತು ಸಿಗುವುದಿಲ್ಲ. ರೋಗಿ ಹೇಳುವ ಗಂಟೆ ನಿಮಿಷಗಳ ಲೆಕ್ಕ ಮತ್ತು ಈ ಮಾತ್ರೆಯ ಪರಿಣಾಮ, ಇವೆರಡರಿಂದಲೇ ಕಾಯಿಲೆ ಪತ್ತೆಯಾಗಬೇಕು. ವೈದ್ಯಲೋಕಕ್ಕೆ ಇದು ತಿಳಿದು ಐವತ್ತು ವರ್ಷಗಳಷ್ಟೇ ಆಗಿವೆ.

ಅದಕ್ಕೂ ಮೊದಲು ಈ ನೋವು ಇರಲಿಲ್ಲವೆಂದಲ್ಲ. ತಲೆನೋವುಗಳನ್ನು ಬಗೆಬಗೆಯಾಗಿ ವಿಂಗಡಿಸುವ ಕೆಲಸ ಬಹಳ ಹಿಂದೆಯೇ ಶುರುವಾಗಿತ್ತು. ಸುಶ್ರುತ ಸಂಹಿತೆಯ ಉತ್ತರತಂತ್ರ 11 ಶಿರೋರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ ಅರ್ಧಾವಭೇದಕ ತಲೆಯ ಅರ್ಧಭಾಗವನ್ನು ಸೀಳುವಂತೆ ಕಾಡಿ, ಹತ್ತು ದಿನಕ್ಕೋ ಪಕ್ಷಕ್ಕೋ ಮರಳುವಂಥದ್ದು. ಸೂರ್ಯಾವರ್ತವೆಂಬುದು ಬೆಳಗ್ಗೆ ಕಣ್ಣು ಹುಬ್ಬುಗಳಲ್ಲಿ ಮೆಲ್ಲನೆ ಹುಟ್ಟಿ, ಹೊತ್ತು ಏರಿದಂತೆ ಏರಿ, ಹೊತ್ತು ಇಳಿದಂತೆ ಇಳಿಯುವ ನೋವು. ಇವು ಇಂದಿನ ಯಾವ ಕಾಯಿಲೆಗೆ ಸಮ ಎಂದು ಗೆರೆ ಎಳೆದು ಹೇಳುವುದು ಸಲ್ಲದು. ಆದರೆ ನೋವು ಯಾವ ಬದಿಗೆ, ಯಾವ ಹೊತ್ತಿಗೆ, ಎಷ್ಟು ದಿನಕ್ಕೊಮ್ಮೆ ಎಂದು ಕೇಳುವ ಕ್ರಮ ಅಲ್ಲಿ ಆಗಲೇ ಇತ್ತು. ಅತ್ತ ಗ್ರೀಕ್ ವೈದ್ಯ ಗ್ಯಾಲೆನ್ ಬಳಸಿದ ಹೆಮಿಕ್ರೇನಿಯಾ ಎಂಬ ಹೆಸರು ಯುರೋಪಿನಲ್ಲಿ ಅರೆತಲೆನೋವುಗಳಿಗೆಲ್ಲ ಒಂದೇ ಹೆಸರಾಗಿ ಬಹುಕಾಲ ನಡೆಯಿತು.

ಕಣ್ಣೀರು, ಮೂಗು ಸೋರುವಿಕೆಯೊಡನೆ ಬರುವ ಒಂದು ಬದಿಯ ನೋವಿನ ವರದಿಗಳು ಹದಿನೇಳನೇ ಶತಮಾನದಿಂದ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ರೆಂಬ್ರಾಂಟನ ಪ್ರಸಿದ್ಧ ಅಂಗರಚನಾ ಪಾಠದ ಚಿತ್ರದಲ್ಲಿ ಇಕ್ಕಳ ಹಿಡಿದಿರುವ ಆಮ್‌ಸ್ಟರ್‌ಡ್ಯಾಮಿನ ವೈದ್ಯ ನಿಕೊಲಾಸ್ ಟುಲ್ಪ್ 1641ರಲ್ಲಿ ತನ್ನ ರೋಗಿಗಳ ಪುಸ್ತಕವನ್ನು ಅಚ್ಚು ಹಾಕಿಸಿದ. ಬೇಸಿಗೆ ಶುರುವಾಗುವಾಗ ಪ್ರತಿದಿನ ಗೊತ್ತಾದ ಹೊತ್ತಿಗೆ ಬಂದು, ಎರಡು ಗಂಟೆ ಮೀರದೆ ಬಿಟ್ಟುಹೋಗುವ, ತಾಳಲಾಗದ ತಲೆನೋವಿನ ಒಬ್ಬನ ವಿಷಯ ಅದರಲ್ಲಿದೆ. 1745ರಲ್ಲಿ ಗೆರಾರ್ಡ್ ಫಾನ್ ಸ್ವೀಟನ್ ಬರೆದ ವಿವರ ಇನ್ನೂ ಸ್ಪಷ್ಟ. ಗಟ್ಟಿಮುಟ್ಟಾದ ನಡುವಯಸ್ಸಿನ ಒಬ್ಬಾತನಿಗೆ ದಿನವೂ ಅದೇ ಹೊತ್ತಿಗೆ ಎಡಗಣ್ಣಿನ ಮೇಲೆ ನೋವು ಏಳುತ್ತಿತ್ತು, ಕಣ್ಣು ಕೆಂಪೇರಿ ನೀರು ಸುರಿಯುತ್ತಿತ್ತು, ಗುಡ್ಡೆಯನ್ನು ಯಾರೋ ಹೊರಕ್ಕೆ ನೂಕುತ್ತಿರುವಂತೆ ಆತನಿಗೆ ಅನ್ನಿಸುತ್ತಿತ್ತು. ಹೊತ್ತು ಕಳೆದರೆ ಏನೂ ಆಗಿರದವನಂತೆ ಇರುತ್ತಿದ್ದ. ಇಂದು ಕ್ಲಸ್ಟರ್ ತಲೆನೋವು ಎನ್ನುವುದರ ಹಳೆಯ ಚಿತ್ರಗಳಲ್ಲಿ ಇವು ಮುಖ್ಯವಾದವು.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಈ ಕ್ಲಸ್ಟರ್ ತಲೆನೋವು ಒಂದು ಸ್ವತಂತ್ರ ಕಾಯಿಲೆಯಾಗಿ ನೆಲೆ ಕಂಡುಕೊಂಡಿತು. ಲಂಡನ್ನಿನ ವಿಲ್ಫ್ರೆಡ್ ಹ್ಯಾರಿಸ್ 1926ರಲ್ಲಿ, ಅಮೆರಿಕದ ಮೇಯೊ ಕ್ಲಿನಿಕ್ಕಿನ ಬೇಯಾರ್ಡ್ ಹಾರ್ಟನ್ 1939ರಲ್ಲಿ ಬೇರೆಬೇರೆ ಹೆಸರಿಟ್ಟು ಅದನ್ನು ವರ್ಣಿಸಿದರು. ನೋವು ಕೆಲವು ವಾರ ಗುಂಪುಗುಂಪಾಗಿ ಬಂದು, ಆಮೇಲೆ ತಿಂಗಳುಗಟ್ಟಲೆ ಸುಳಿಯದಿರುವುದನ್ನು ಗಮನಿಸಿದ ಚಾರ್ಲ್ಸ್ ಕಂಕಲ್ ಮತ್ತು ಸಂಗಡಿಗರು 1952ರಲ್ಲಿ ಈಗಿನ ಹೆಸರನ್ನು ಚಾಲ್ತಿಗೆ ತಂದರು. ಇದರಿಂದ ಒಳ್ಳೆಯದೂ ಆಯಿತು, ಒಂದು ತೊಡಕೂ ಹುಟ್ಟಿತು. ಒಂದೇ ಬದಿಯ ಕಣ್ಣುನೋವು ಮತ್ತು ಕಣ್ಣೀರು ಕಂಡರೆ ಕ್ಲಸ್ಟರ್ ಎಂದು ಬರೆಯುವುದು ರೂಢಿಯಾಯಿತು. ಅದರೊಳಗೆ ಸೇರದ ರೋಗಿಗಳು ವಿಚಿತ್ರ ಕ್ಲಸ್ಟರ್, ವಿಚಿತ್ರ ಮೈಗ್ರೇನ್, ಇಲ್ಲವೇ ಮುಖದ ನರಶೂಲೆ ಎಂಬ ಹಣೆಪಟ್ಟಿ ಹೊತ್ತು ಊರಿಂದೂರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು.

ಅವರಿಗೆ ಬೇಕಾಗಿದ್ದ ಔಷಧ ತಲೆನೋವಿನ ಪ್ರಸ್ತಾಪವೇ ಇಲ್ಲದ ಜಾಗದಲ್ಲಿ ತಯಾರಾಯಿತು. ಅಮೆರಿಕದ ಮೆರ್ಕ್ ಕಂಪನಿಯ ಪ್ರಯೋಗಾಲಯದಲ್ಲಿ ರಸಾಯನ ವಿಜ್ಞಾನಿ ತ್ಸುಂಗ್-ಯಿಂಗ್ ಶೆನ್ ಮತ್ತು ಸಹೋದ್ಯೋಗಿಗಳು ಸಂಧಿವಾತಕ್ಕೆ ಸ್ಟೀರಾಯ್ಡ್ ಅಲ್ಲದ ಮದ್ದನ್ನು ಹುಡುಕುತ್ತಿದ್ದರು. ಸಂಧಿವಾತದ ರೋಗಿಗಳ ದೇಹದಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದ ಬಳಕೆ ಏರುಪೇರಾಗಿರಬಹುದೆಂಬ ಊಹೆಯಿಂದ, ಅದೇ ಕುಟುಂಬದ ಇಂಡೋಲ್ ರಚನೆಯ ನೂರಾರು ಸಂಯುಕ್ತಗಳನ್ನು ಮಾಡಿ ಪರೀಕ್ಷಿಸಿದರು. 1963ರಲ್ಲಿ ಪ್ರಕಟವಾದ ಇಂಡೊಮೆಥಸಿನ್ ಆ ಹುಡುಕಾಟದ ಫಲ. 1965ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಾರಾಟದ ಅನುಮತಿ ಸಿಕ್ಕಿತು. ಗೌಟ್, ಸಂಧಿವಾತ, ಬೆನ್ನುಮೂಳೆಯ ಉರಿಯೂತಗಳಿಗೆ ವೈದ್ಯರು ಅದನ್ನು ಧಾರಾಳವಾಗಿ ಬರೆದರು. ಜಠರದ ಹುಣ್ಣು ತರುತ್ತದೆಂಬ ಅಪಖ್ಯಾತಿಯೂ ಬೇಗನೆ ಅಂಟಿಕೊಂಡಿತು. ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಇಂಡೊಮೆಥಸಿನ್ ನುಂಗಿದವರಲ್ಲಿ ಅತಿ ಹೆಚ್ಚಾಗಿ ಕಾಣುವ ಅಡ್ಡಪರಿಣಾಮಗಳಲ್ಲಿ ತಲೆನೋವೂ ಒಂದು. ಇಂಥ ಮಾತ್ರೆಯನ್ನು ತಲೆನೋವಿಗೆ ಕೊಟ್ಟು ನೋಡಲು ಯಾವ ವೈದ್ಯನಿಗೂ ಸಹಜವಾಗಿ ಮನಸ್ಸು ಬರುವಂತಿರಲಿಲ್ಲ.

ಆ ಹೆಜ್ಜೆ ಇಟ್ಟದ್ದು ನಾರ್ವೆಯಲ್ಲಿ. ಒಟ್ಟಾರ್ ಶೋಸ್ಟಾಡ್ ಎಂಬ ನರರೋಗ ತಜ್ಞರ ಬಳಿಗೆ 1961ರಲ್ಲಿ ಒಬ್ಬ ಮಹಿಳೆ ಬಂದರು. ತಲೆಯ ಒಂದೇ ಬದಿಗೆ, ದಿನವೂ, ಹಗಲೂ ರಾತ್ರಿಯೂ ನೋವಿನ ಹೊಡೆತ. ನೋಡಲು ಕ್ಲಸ್ಟರ್ ತಲೆನೋವಿನ ಹಾಗೆಯೇ ಇತ್ತು, ಆದರೆ ಲೆಕ್ಕ ಕೂಡಿಬರುತ್ತಿರಲಿಲ್ಲ. ಕ್ಲಸ್ಟರ್ ನೋವು ಒಮ್ಮೆ ಬಂದರೆ ಮುಕ್ಕಾಲು ಗಂಟೆ, ಒಂದು ಗಂಟೆ, ಕೆಲವೊಮ್ಮೆ ಮೂರು ಗಂಟೆಯವರೆಗೂ ಇರುತ್ತದೆ. ದಿನಕ್ಕೆ ಒಂದೆರಡು ಸಲ, ಬಹಳವೆಂದರೆ ಎಂಟು ಸಲ. ಈ ನೋವು ಅದಕ್ಕಿಂತ ಬೇಗ ಮುಗಿಯುತ್ತಿತ್ತು, ಅದಕ್ಕಿಂತ ಎಷ್ಟೋ ಹೆಚ್ಚು ಸಲ ಬರುತ್ತಿತ್ತು. ಕ್ಲಸ್ಟರಿನಲ್ಲಿ ಸಿಗುವ ತಿಂಗಳುಗಳ ಬಿಡುವೂ ಇಲ್ಲಿರಲಿಲ್ಲ, ವರ್ಷದ ಅಷ್ಟೂ ದಿನ ಅದೇ ಪಾಡು. ಕ್ಲಸ್ಟರ್ ಆಗ ಬಹುಪಾಲು ಗಂಡಸರ ಕಾಯಿಲೆಯೆಂದು ಪರಿಗಣಿತವಾಗಿತ್ತು. ರೋಗಿ ಹೆಂಗಸಾಗಿದ್ದುದೂ ಒಂದು ಸುಳಿವಾಯಿತು.

ಇದಕ್ಕೆ ಹೆಸರಿಟ್ಟು ಕೈತೊಳೆದುಕೊಳ್ಳುವುದು ಸುಲಭವಿತ್ತು. ಶೋಸ್ಟಾಡ್ ಹಾಗೆ ಮಾಡದೆ ವರ್ಷಗಟ್ಟಲೆ ನೋಡುತ್ತ, ಔಷಧಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸುತ್ತ ಹೋದರು. ಇಂಡೊಮೆಥಸಿನ್ ಕೊಟ್ಟಾಗ ನೋವು ಕಡಿಮೆಯಾಯಿತು ಎನ್ನುವಂತಿರಲಿಲ್ಲ, ನಿಂತೇಹೋಯಿತು. ಮಾತ್ರೆ ಬಿಟ್ಟರೆ ಮರಳಿತು, ಮತ್ತೆ ಕೊಟ್ಟರೆ ಮತ್ತೆ ನಿಂತಿತು. ಅದೇ ಬಗೆಯ ಎರಡನೇ ರೋಗಿಯಲ್ಲೂ ಹೀಗೇ ಆಯಿತು. 1974ರಲ್ಲಿ ಶೋಸ್ಟಾಡ್ ಮತ್ತು ಇಂಗೆ ದಾಲೆ ಈ ಇಬ್ಬರು ರೋಗಿಗಳ ಬಗ್ಗೆ ನಾಲ್ಕು ಪುಟದ ಲೇಖನವೊಂದನ್ನು ಹೆಡೇಕ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ದಿನಕ್ಕೆ 6ರಿಂದ 18 ಸಲ ಬರುವ ನೋವು, ಇಂಡೊಮೆಥಸಿನ್ನಿನಿಂದ ಪೂರ್ತಿ ಶಮನ, ಇವೇ ಅದರ ತಿರುಳು. ಲೇಖನದ ಶೀರ್ಷಿಕೆಯಲ್ಲಿ ಹೊಸ ಎಂಬ ಪದದ ಪಕ್ಕದಲ್ಲಿ ಆವರಣ ಹಾಕಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟಿದ್ದರು. ಹದಿಮೂರು ವರ್ಷ ಗಮನಿಸಿದ ಮೇಲೂ, ಇದು ನಿಜಕ್ಕೂ ಹೊಸ ಕಾಯಿಲೆಯೇ ಎಂಬುದನ್ನು ಓದುಗರ ತೀರ್ಮಾನಕ್ಕೇ ಬಿಟ್ಟಿದ್ದರು. 1976ರ ವಿಸ್ತಾರವಾದ ಲೇಖನದಲ್ಲಿ ಕ್ರಾನಿಕ್ ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ ಎಂಬ ಹೆಸರು ಕೊಟ್ಟಾಗಲೂ ಶೀರ್ಷಿಕೆಯಲ್ಲಿ ಆ ಚಿಹ್ನೆ ಉಳಿದಿತ್ತು. ವೈದ್ಯಕೀಯ ಬರವಣಿಗೆಯಲ್ಲಿ ಇಷ್ಟು ಸಂಯಮ ಅಪರೂಪ, ಮತ್ತು ಗೌರವಕ್ಕೆ ಅರ್ಹ.

ಹೆಸರು ಸಿಕ್ಕಮೇಲೆ ಅಳೆಯುವ ಕೆಲಸ ಶುರುವಾಯಿತು. ಇಲ್ಲಿ ನಾರ್ವೆಯವರ ತಾಳ್ಮೆ ಎದ್ದು ಕಾಣುತ್ತದೆ. ನೋವು ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ, ಆದರೆ ದಿನಕ್ಕೆ ಹತ್ತಾರು ಸಲ ಬರುವುದರಿಂದ ರೋಗಿಯನ್ನು ಪ್ರಯೋಗಾಲಯದಲ್ಲಿ ಕೂರಿಸಿ ಕಾದರೆ ಕಣ್ಣೆದುರೇ ಸಿಗುತ್ತದೆ. ಹಾಗೆ ಕಾದು, ನೋವಿನ ನಡುವೆ ಕಣ್ಣುಗುಡ್ಡೆಯ ಒಳಗಿನ ಒತ್ತಡವನ್ನೂ ಪ್ರತಿ ನಾಡಿಬಡಿತಕ್ಕೆ ಅದು ಏರಿಳಿಯುವ ಪ್ರಮಾಣವನ್ನೂ ಅಳೆದರು. ಸುರಿದ ಕಣ್ಣೀರು, ಮೂಗಿನ ನೀರು, ಬಾಯಿಯ ಜೊಲ್ಲು, ಹಣೆಯ ಬೆವರು, ಇವುಗಳನ್ನು ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಬೇರೆಬೇರೆಯಾಗಿ ಲೆಕ್ಕ ಹಾಕಿದರು. ಕೆಲವು ರೋಗಿಗಳಿಗೆ ಕುತ್ತಿಗೆಯನ್ನು ಒಂದು ರೀತಿಯಲ್ಲಿ ಬಾಗಿಸಿದರೆ, ಕುತ್ತಿಗೆಯ ಗೊತ್ತಾದ ಬಿಂದುವನ್ನು ಬೆರಳಿನಿಂದ ಒತ್ತಿದರೆ ಕ್ಷಣಗಳಲ್ಲಿ ನೋವು ಎರಗುತ್ತಿತ್ತು. 1979ರ ಲೇಖನವೊಂದು ಇದನ್ನೇ ದಾಖಲಿಸಿದೆ. ಮನಸ್ಸಿನ ಕಾಯಿಲೆ, ನರದೌರ್ಬಲ್ಯ ಎಂದೆಲ್ಲ ಹೇಳಿಸಿಕೊಂಡು ಬಂದ ರೋಗಿಗಳ ನೋವಿಗೆ ಹೀಗೆ ಅಂಕಿಗಳ ಸಾಕ್ಷಿ ಸಿಕ್ಕಿತು. ಟ್ರೊಂಡ್‌ಹೈಮ್ ನಗರಕ್ಕೆ ಹೋದ ಮೇಲೆ ಶೋಸ್ಟಾಡ್ ಅಲ್ಲಿನ ಆಸ್ಪತ್ರೆಯನ್ನು ಈ ಅಧ್ಯಯನಗಳ ಕೇಂದ್ರವಾಗಿಸಿದರು. ತಲೆನೋವಿಗೇ ಮೀಸಲಾದ ಸೆಫಲಾಲ್ಜಿಯ ಎಂಬ ಅಂತರರಾಷ್ಟ್ರೀಯ ಪತ್ರಿಕೆ 1981ರಲ್ಲಿ ಅವರ ಸಂಪಾದಕತ್ವದಲ್ಲಿ ಹೊರಟಿತು.

ಅದೇ 1981ರಲ್ಲಿ ಅಮೆರಿಕದ ಹೋಸೆ ಮೆಡಿನಾ ಮತ್ತು ಸೀಮೋರ್ ಡೈಮಂಡ್, ಕ್ಲಸ್ಟರಿನ ಒಂದು ಬದಲಿ ರೂಪವೆಂದು ಕರೆದು, ಇಂಡೊಮೆಥಸಿನ್ನಿಗೆ ಸ್ಪಂದಿಸುವ ರೋಗಿಗಳ ಗುಂಪೊಂದನ್ನು ವಿವರಿಸಿದರು. ಅವರಲ್ಲಿ ಕೆಲವರಿಗೆ ಬಂದುಹೋಗುವ ನೋವಿನ ಜೊತೆಗೆ ಸದಾ ಇರುವ ನೋವೂ ಇತ್ತು. ಆ ಸದಾ ಇರುವ ನೋವಿಗೆ ಬೇರೆ ಹೆಸರು ಸಿಕ್ಕಿದ್ದು 1984ರಲ್ಲಿ. ಶೋಸ್ಟಾಡ್ ಮತ್ತು ಸ್ಪೀರಿಂಗ್ಸ್ 63 ವರ್ಷದ ಮಹಿಳೆ ಮತ್ತು 53 ವರ್ಷದ ಪುರುಷ, ಈ ಇಬ್ಬರ ವಿವರ ಕೊಟ್ಟು ಹೆಮಿಕ್ರೇನಿಯಾ ಕಂಟಿನ್ಯುವಾ ಎಂದು ಕರೆದರು. ಒಂದೇ ಬದಿಗೆ ಬಿಡದೆ ಇರುವ ನೋವು, ಇಂಡೊಮೆಥಸಿನ್ ತೆಗೆದುಕೊಂಡರೆ ಇಲ್ಲವಾಗುವ ನೋವು. ಇದೂ ಇಬ್ಬರೇ ರೋಗಿಗಳಿಂದ ಹೊರಟ ಕಾಯಿಲೆ. ಸಾವಿರಾರು ಜನರ ಮೇಲೆ ನಡೆಸುವ ಔಷಧ ಪರೀಕ್ಷೆಗಳ ಕಾಲದಲ್ಲಿ, ಒಬ್ಬಿಬ್ಬರನ್ನು ದೀರ್ಘಕಾಲ ನೋಡಿ ಬರೆದ ಇಂಥ ವರದಿಗಳ ಬೆಲೆ ಮರೆತುಹೋಗುವ ಸಾಧ್ಯತೆಯಿದೆ. ತಲೆನೋವಿನ ಈ ಶಾಖೆ ಮಾತ್ರ ಬಹುಪಾಲು ಅವುಗಳ ಮೇಲೆಯೇ ಕಟ್ಟಿದ್ದು.

ಮುಂದೆ ಚಿತ್ರ ತುಂಬುತ್ತ ಹೋಯಿತು. ಕೆಲವು ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ ರೋಗಿಗಳಿಗೆ ನಡುವೆ ತಿಂಗಳುಗಳ ಬಿಡುವು ಇರುತ್ತದೆಂದು 1987ರಲ್ಲಿ ಲೀ ಕುಡ್ರೊ ಮತ್ತು ಸಹೋದ್ಯೋಗಿಗಳು ತೋರಿಸಿದರು. 1989ರಲ್ಲಿ 84 ರೋಗಿಗಳ ವಿವರ ಒಟ್ಟುಗೂಡಿಸಿದಾಗ, ಗಂಡಸರಲ್ಲೂ ಇದು ಗಣನೀಯವಾಗಿ ಇದೆಯೆಂದು ಕಂಡುಬಂತು. 2008ರಲ್ಲಿ ಲಂಡನ್ನಿನಲ್ಲಿ 31 ರೋಗಿಗಳನ್ನು ಪರೀಕ್ಷಿಸಿದಾಗ ಗಂಡು ಹೆಣ್ಣುಗಳ ಪ್ರಮಾಣ ಹೆಚ್ಚುಕಡಿಮೆ ಸಮವಾಗಿತ್ತು. ಹೆಂಗಸರ ಕಾಯಿಲೆ ಎಂಬ ಮೊದಲ ಸುಳಿವು ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಶೋಸ್ಟಾಡ್ ತಂಡವೇ 1989ರಲ್ಲಿ ವಿವರಿಸಿದ ಸಂಕ್ಟ್ ಎಂಬ ಮತ್ತೊಂದು ತಲೆನೋವಿನಲ್ಲಿ ನೋವು ಕೆಲವೇ ಸೆಕೆಂಡುಗಳಿಂದ ನಿಮಿಷಗಳಷ್ಟು ಕಾಲ ಇರಿದು, ದಿನಕ್ಕೆ ಹತ್ತಾರು, ಕೆಲವೊಮ್ಮೆ ನೂರಾರು ಸಲ ಬರುತ್ತದೆ. ಕಣ್ಣು ಅಷ್ಟೇ ಕೆಂಪಾಗುತ್ತದೆ, ನೀರು ಅಷ್ಟೇ ಸುರಿಯುತ್ತದೆ. ಆದರೆ ಅದಕ್ಕೆ ಇಂಡೊಮೆಥಸಿನ್ ಏನೂ ಮಾಡುವುದಿಲ್ಲ. ಮೂರ್ಛೆರೋಗಕ್ಕೆ ಕೊಡುವ ಲ್ಯಾಮೊಟ್ರಿಜಿನ್ ಅದರ ಮುಖ್ಯ ಔಷಧವಾಯಿತು. ಹೊರನೋಟಕ್ಕೆ ಒಂದೇ ರೀತಿಯ ಮೂರು ನೋವುಗಳನ್ನು ಹೀಗೆ ಬೇರ್ಪಡಿಸಲು ಆಧಾರವಾದದ್ದು ಎರಡೇ: ನೋವು ಎಷ್ಟು ಹೊತ್ತು ಇರುತ್ತದೆ ಎಂಬುದು, ಯಾವ ಮದ್ದಿಗೆ ನಿಲ್ಲುತ್ತದೆ ಎಂಬುದು. ಕ್ಲಸ್ಟರಿಗೆ ಮುಖವಾಡದ ಮೂಲಕ ಕೊಡುವ ಶುದ್ಧ ಆಮ್ಲಜನಕ ಮತ್ತು ಸುಮಟ್ರಿಪ್ಟಾನ್ ಚುಚ್ಚುಮದ್ದು, ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾಗೆ ಇಂಡೊಮೆಥಸಿನ್, ಸಂಕ್ಟಿಗೆ ಲ್ಯಾಮೊಟ್ರಿಜಿನ್. ಒಂದರ ಔಷಧ ಇನ್ನೊಂದಕ್ಕೆ ಸಾಮಾನ್ಯವಾಗಿ ನಡೆಯುವುದಿಲ್ಲ. ರೋಗ ತಪ್ಪಾಗಿ ಗುರುತಾದರೆ ಚಿಕಿತ್ಸೆಯೂ ತಪ್ಪುತ್ತದೆ.

ಅಂತರರಾಷ್ಟ್ರೀಯ ತಲೆನೋವು ಸಂಘ 1988ರಲ್ಲಿ ತನ್ನ ಮೊದಲ ವರ್ಗೀಕರಣವನ್ನು ಹೊರತಂದಾಗ ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ ಅದರಲ್ಲಿ ಜಾಗ ಪಡೆಯಿತು. ಲಕ್ಷಣಗಳ ಪಟ್ಟಿಯ ಕೊನೆಯಲ್ಲಿ ಇಂಡೊಮೆಥಸಿನ್ನಿನಿಂದ ಪೂರ್ತಿ ಗುಣ ಎಂಬ ಷರತ್ತೂ ಇತ್ತು. 1997ರಲ್ಲಿ ಪೀಟರ್ ಗೋಡ್ಸ್‌ಬಿ ಮತ್ತು ರಿಚರ್ಡ್ ಲಿಪ್ಟನ್ ಕ್ಲಸ್ಟರ್, ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ, ಸಂಕ್ಟ್‌ಗಳನ್ನು ಒಂದೇ ಕುಟುಂಬವಾಗಿ ಕಂಡು ಟ್ರೈಜೆಮಿನಲ್ ಆಟೊನಾಮಿಕ್ ತಲೆನೋವುಗಳು ಎಂಬ ಹೆಸರು ಮುಂದಿಟ್ಟರು. ಮುಖದ ಸ್ಪರ್ಶ ನೋವುಗಳನ್ನು ಹೊರುವ ಟ್ರೈಜೆಮಿನಲ್ ನರ ಕೆರಳಿದಾಗ, ಮಿದುಳಿನ ಕಾಂಡದ ಮೂಲಕ ಕಣ್ಣೀರು, ಮೂಗುಗಳ ನರಗಳೂ ಕೆರಳುತ್ತವೆ ಎಂಬುದು ಆ ಹೆಸರಿನ ಆಧಾರ. ಹೆಮಿಕ್ರೇನಿಯಾ ಕಂಟಿನ್ಯುವಾ ಮಾತ್ರ ಬಹುಕಾಲ ಹೊರಗೇ ಉಳಿಯಿತು. 2004ರ ಎರಡನೇ ಆವೃತ್ತಿ ಅದನ್ನು ಇತರೆ ಎಂಬ ಅಧ್ಯಾಯಕ್ಕೆ ಹಾಕಿತು. 2013ರ ಕರಡು ಮತ್ತು 2018ರ ಮೂರನೇ ಆವೃತ್ತಿಯಲ್ಲಿ ಅದು ಮಿಕ್ಕ ಬಂಧುಗಳ ಸಾಲಿಗೆ ಸೇರಿತು.

ಔಷಧದ ಫಲವನ್ನೇ ರೋಗದ ಲಕ್ಷಣವಾಗಿ ಎಣಿಸುವುದು ಸರಿಯೇ ಎಂಬ ತಕರಾರು ಮೊದಲಿನಿಂದಲೂ ಇದೆ. ಮಾತ್ರೆಗೆ ನಿಂತ ನೋವನ್ನಷ್ಟೇ ಹೆಮಿಕ್ರೇನಿಯಾ ಎಂದು ಕರೆದರೆ, ಹೆಮಿಕ್ರೇನಿಯಾಗಳೆಲ್ಲ ಮಾತ್ರೆಗೆ ನಿಲ್ಲುತ್ತವೆ ಎಂಬ ಮಾತು ಸುತ್ತುಬಳಸಿ ಅದನ್ನೇ ಹೇಳಿದಂತಾಗುತ್ತದೆ. ಲಕ್ಷಣಗಳೆಲ್ಲ ಇದ್ದೂ ಮಾತ್ರೆಗೆ ಬಗ್ಗದ ರೋಗಿಯನ್ನು ಯಾವ ಹೆಸರಿನಲ್ಲಿ ಕರೆಯಬೇಕೆಂಬುದಕ್ಕೆ ವರ್ಗೀಕರಣದಲ್ಲಿ ಉತ್ತರ ಸಾಲದು. ತರ್ಕಕ್ಕೆ ಇದು ದೊಡ್ಡ ಆಕ್ಷೇಪವೇ ಸರಿ. ಆದರೆ ಆಸ್ಪತ್ರೆಯ ಕೋಣೆಯಲ್ಲಿ ಆ ಷರತ್ತಿನಿಂದ ಆಗಿರುವ ಉಪಕಾರ ಅದಕ್ಕಿಂತ ದೊಡ್ಡದು. ಬೇರೆ ಯಾವ ಪರೀಕ್ಷೆಯೂ ಇಲ್ಲದ ಕಡೆ, ಒಮ್ಮೆಯಾದರೂ ಇಂಡೊಮೆಥಸಿನ್ ಕೊಟ್ಟು ನೋಡಲೇಬೇಕೆಂಬ ಕಟ್ಟಳೆಯನ್ನು ಅದು ವೈದ್ಯರ ಮೇಲೆ ಹೇರಿತು.

ಆ ಪರೀಕ್ಷೆ ನಡೆಯುವ ಬಗೆ ಹೀಗಿದೆ. ಮೊದಲು ರೋಗಿಯಿಂದ ದಿನಚರಿ ಬರೆಸುತ್ತಾರೆ. ನೋವು ಶುರುವಾದ ಗಂಟೆ, ಮುಗಿದ ಗಂಟೆ, ಬದಿ, ಕಣ್ಣು ಮೂಗಿನ ಸ್ಥಿತಿ, ಆ ಹೊತ್ತಿನಲ್ಲಿ ಮಲಗಿದ್ದರೋ ಚಡಪಡಿಸುತ್ತ ಓಡಾಡುತ್ತಿದ್ದರೋ, ಇಷ್ಟು ಸಾಕು. ಮೈಗ್ರೇನಿನವರು ಸಾಮಾನ್ಯವಾಗಿ ಕತ್ತಲ ಕೋಣೆಯಲ್ಲಿ ಅಲ್ಲಾಡದೆ ಮಲಗುತ್ತಾರೆ. ಈ ಕುಟುಂಬದ ನೋವಿನವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಮಿದುಳಿನ ಎಂಆರ್‌ಐ ಮಾಡಿಸಲಾಗುತ್ತದೆ. ಪಿಟ್ಯುಟರಿ ಗ್ರಂಥಿಯ ಗಡ್ಡೆಯಂಥ ಬೇರೆ ತೊಂದರೆಯೂ ಇದೇ ವೇಷದಲ್ಲಿ ಬರಬಹುದಾದ್ದರಿಂದ ಅದನ್ನು ತಳ್ಳಿಹಾಕಲು ಆ ಸ್ಕ್ಯಾನ್ ಬೇಕು. ಅದರಲ್ಲಿ ಏನೂ ಸಿಗದಿದ್ದರೆ ಇಂಡೊಮೆಥಸಿನ್ ಸರದಿ. ಊಟದ ಜೊತೆಗೆ 25 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ ಕೊಟ್ಟು, ನಂತರ 50, ಬೇಕಾದರೆ 75ಕ್ಕೆ ಏರಿಸುತ್ತಾರೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 150 ಮಿಲಿಗ್ರಾಂ, ಅಗತ್ಯವಿದ್ದರೆ 225ರವರೆಗೆ ಕೊಟ್ಟು ನೋಡಿದ ಮೇಲೆಯೇ ಮಾತ್ರೆ ಫಲಿಸಲಿಲ್ಲ ಎನ್ನಬಹುದೆಂದು ವರ್ಗೀಕರಣ ಹೇಳುತ್ತದೆ. ಸಣ್ಣ ಪ್ರಮಾಣದಲ್ಲಿ ನಾಲ್ಕು ದಿನ ಕೊಟ್ಟು ಬಿಟ್ಟುಬಿಡುವುದೇ ಸರಿಯಾದ ರೋಗಿಯೂ ಕೈತಪ್ಪಲು ದೊಡ್ಡ ಕಾರಣ. ಜಠರದ ರಕ್ಷಣೆಗೆ ಆಮ್ಲ ತಗ್ಗಿಸುವ ಮಾತ್ರೆಯನ್ನು ಜೊತೆಗೇ ಬರೆಯುತ್ತಾರೆ, ಮೂತ್ರಪಿಂಡ ಮತ್ತು ರಕ್ತದೊತ್ತಡದ ಮೇಲೆ ಕಣ್ಣಿಡುತ್ತಾರೆ. ಫಲಿಸುವುದಾದರೆ ಅನೇಕರಿಗೆ ಒಂದೆರಡು ದಿನಗಳಲ್ಲೇ ಗೊತ್ತಾಗುತ್ತದೆ. ಇಟಲಿಯ ಫಾಬಿಯೊ ಆಂಟೊನಾಚಿ ಮತ್ತು ಸಂಗಡಿಗರು 1998ರಲ್ಲಿ ವಿವರಿಸಿದ ಇಂಡೊಟೆಸ್ಟ್ ಇನ್ನೂ ಚುರುಕು. ಸ್ನಾಯುವಿಗೆ ಇಂಡೊಮೆಥಸಿನ್ ಚುಚ್ಚಿ, ನೋವು ಎಷ್ಟು ಹೊತ್ತಿನಲ್ಲಿ ನಿಂತಿತು, ಎಷ್ಟು ಹೊತ್ತು ಬಾರದೆ ಉಳಿಯಿತು ಎಂದು ಗುರುತು ಹಾಕಿಕೊಳ್ಳುವುದೇ ಆ ಪರೀಕ್ಷೆ.

ಇಷ್ಟು ಸರಳವಾದ ಪರೀಕ್ಷೆಯಿದ್ದರೂ ರೋಗಿಗಳು ವರ್ಷಗಟ್ಟಲೆ ಅಲೆಯುವುದು ತಪ್ಪಿಲ್ಲ. ನೋವು ಹಲ್ಲಿಗೂ ದವಡೆಗೂ ಹರಡುವುದರಿಂದ ಮೊದಲು ದಂತವೈದ್ಯರ ಕುರ್ಚಿ, ಅಲ್ಲಿ ಒಂದೆರಡು ಆರೋಗ್ಯವಂತ ಹಲ್ಲುಗಳ ಬಲಿ. ಮೂಗು ಕಟ್ಟುವುದರಿಂದ ಸೈನಸ್ ಎಂಬ ತೀರ್ಮಾನ, ಆ್ಯಂಟಿಬಯಾಟಿಕ್‌ಗಳು, ಕೆಲವರಿಗೆ ಶಸ್ತ್ರಚಿಕಿತ್ಸೆ. ಕಣ್ಣು ಕೆಂಪಾಗುವುದರಿಂದ ನೇತ್ರವೈದ್ಯರು, ಕುತ್ತಿಗೆ ಹಿಡಿಯುವುದರಿಂದ ಮೂಳೆವೈದ್ಯರು. ಹೆಮಿಕ್ರೇನಿಯಾ ಕಂಟಿನ್ಯುವಾದಲ್ಲಿ ಇದು ಇನ್ನೂ ಹೆಚ್ಚು. ಅದರ ಕೆರಳುವಿಕೆ ಮೈಗ್ರೇನಿನಂತೆಯೇ ವಾಕರಿಕೆ, ಬೆಳಕು ಸಹಿಸಲಾಗದಿರುವುದು ಇವುಗಳನ್ನೂ ತರುವುದರಿಂದ ಹಳೆಯ ಮೈಗ್ರೇನ್ ಎಂಬ ಹೆಸರಿನಲ್ಲೇ ರೋಗಿಯ ಅರ್ಧ ಆಯುಷ್ಯ ಕಳೆಯುವುದುಂಟು. ಕಣ್ಣಿನಲ್ಲಿ ಮರಳು ಬಿದ್ದಂತೆ ಸದಾ ಕರಕರ ಅನ್ನಿಸುವುದು ಅದರ ಒಂದು ಸಣ್ಣ ಸುಳಿವು; ಕೇಳದೆ ಯಾವ ರೋಗಿಯೂ ಅದನ್ನು ತಾನಾಗಿ ಹೇಳುವುದಿಲ್ಲ. ಈ ಅಲೆದಾಟದಲ್ಲಿ ನೋವಿಗಿಂತ ಹೆಚ್ಚಾಗಿ ಕಾಡುವುದು ನಂಬಿಕೆ ಕಳೆದುಕೊಳ್ಳುವುದು. ಸ್ಕ್ಯಾನ್ ಸರಿಯಾಗಿದೆ ಎಂಬ ಮಾತು ಸಮಾಧಾನಕ್ಕೆ ಹೇಳಿದ್ದೇ ಆದರೂ, ವರ್ಷಗಟ್ಟಲೆ ನರಳಿದವರ ಕಿವಿಗೆ ನಿನಗೇನೂ ಆಗಿಲ್ಲ ಎಂದೇ ಕೇಳಿಸುತ್ತದೆ.

ಅಪರೂಪ ಎಂಬ ಮಾತಿಗೂ ಒಂದು ಮಿತಿಯಿದೆ, ಹುಡುಕದ ಕಾಯಿಲೆ ಸಿಗುವುದಿಲ್ಲ. ಶೋಸ್ಟಾಡ್ ಮತ್ತು ಲೈವ್ ಬಾಕೆಟೈಗ್ 1995ರಿಂದ 1997ರವರೆಗೆ ನಾರ್ವೆಯ ವೋಗೊ ಎಂಬ ಬೆಟ್ಟದ ಸೀಮೆಯಲ್ಲಿ ಸಮೀಕ್ಷೆ ನಡೆಸಿದರು. 18ರಿಂದ 65 ವರ್ಷದೊಳಗಿನ 1838 ಜನರನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸಿ ಪರೀಕ್ಷಿಸಿದವರು, ಆಗ ಅರವತ್ತೈದು ದಾಟಿದ್ದ ಶೋಸ್ಟಾಡ್ ಅವರೇ. ಕರ್ನಾಟಕದಲ್ಲೂ ಈ ದಿಕ್ಕಿನಲ್ಲಿ ಒಂದು ಮುಖ್ಯ ಕೆಲಸ ನಡೆದಿದೆ. ನಿಮ್ಹಾನ್ಸ್‌ನ ಗುರುರಾಜ್ ಮತ್ತು ಸಹೋದ್ಯೋಗಿಗಳು ಬೆಂಗಳೂರು ನಗರದಲ್ಲಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2329 ಜನರನ್ನು ಮನೆಮನೆಗೆ ಹೋಗಿ ಕೇಳಿದರು. ವರ್ಷದೊಳಗೆ ತಲೆನೋವು ಕಂಡವರು ಶೇ 63.9, ಮೈಗ್ರೇನಿನವರು ಶೇ 25ರಷ್ಟು ಎಂಬುದು 2014–15ರಲ್ಲಿ ಪ್ರಕಟವಾದ ಫಲಿತಾಂಶ. ಪ್ರಪಂಚದ ಬೇರೆ ಕಡೆಯ ಅಂಕಿಗಳಿಗೆ ಹೋಲಿಸಿದರೆ ಮೈಗ್ರೇನಿನ ಈ ಪ್ರಮಾಣ ಬಹಳ ಹೆಚ್ಚು. ಸಾಮಾನ್ಯ ತಲೆನೋವಿನ ಹೊರೆಯೇ ಇಷ್ಟಿರುವಲ್ಲಿ ಸಾವಿರಕ್ಕೊಬ್ಬರಿಗೂ ಇರದ ಕಾಯಿಲೆ ಜನಜಂಗುಳಿಯಲ್ಲಿ ಕಳೆದುಹೋಗುವುದು ಸುಲಭ. ಭಾರತದಲ್ಲಿ ಅಂಥ ರೋಗಿಗಳನ್ನು ಹುಡುಕಿ ಬರೆದವರಲ್ಲಿ ವಡೋದರದ ನರರೋಗ ತಜ್ಞ ಸಂಜಯ್ ಪ್ರಕಾಶ್ ಅವರ ಹೆಸರು ಮುಖ್ಯ. 2012ರಲ್ಲಿ ಅವರು 62 ರೋಗಿಗಳ ವಿವರಗಳನ್ನು ವಿಮರ್ಶಿಸಿ ಹೆಮಿಕ್ರೇನಿಯಾ ಕಂಟಿನ್ಯುವಾದ ಲಕ್ಷಣಪಟ್ಟಿಯನ್ನು ತಿದ್ದಬೇಕೆಂದು ವಾದಿಸಿದರು. ಚಡಪಡಿಕೆ ಮುಂದೆ ಆ ಪಟ್ಟಿಗೆ ಸೇರಿತು.

ಇಂಡೊಮೆಥಸಿನ್ ಏಕೆ ಫಲಿಸುತ್ತದೆ ಎಂಬುದು ಇನ್ನೂ ಬಗೆಹರಿದಿಲ್ಲ. ಆಸ್ಪಿರಿನ್, ಇಂಡೊಮೆಥಸಿನ್‌ಗಳು ದೇಹದಲ್ಲಿ ನೋವು, ಉರಿಯೂತ ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ತಯಾರಿಕೆಯನ್ನು ತಡೆಯುತ್ತವೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು, ಅದಕ್ಕೆ 1982ರಲ್ಲಿ ನೊಬೆಲ್ ಪಾಲು ಪಡೆದರು. ಗುಟ್ಟು ಅಷ್ಟೇ ಆಗಿದ್ದರೆ ಅದೇ ಕೆಲಸ ಮಾಡುವ ಮಿಕ್ಕ ಮಾತ್ರೆಗಳೂ ಇಷ್ಟೇ ಚೆನ್ನಾಗಿ ನಡೆಯಬೇಕಿತ್ತು. ಇಂಡೊಮೆಥಸಿನ್ ಮಿದುಳಿನ ರಕ್ತದ ಹರಿವನ್ನು ತಗ್ಗಿಸುತ್ತದೆ, ನೈಟ್ರಿಕ್ ಆಕ್ಸೈಡಿನಿಂದ ರಕ್ತನಾಳಗಳು ಹಿಗ್ಗುವುದನ್ನು ತಡೆಯುತ್ತದೆ. ಇವೆರಡೂ ಪ್ರಯೋಗಗಳಲ್ಲಿ ಕಂಡಿವೆ. ಇನ್ನೊಂದು ದಿಕ್ಕಿನಿಂದ, ಮಿದುಳಿನ ಚಟುವಟಿಕೆಯನ್ನು ಕಾಣಿಸುವ ಪೆಟ್ ಸ್ಕ್ಯಾನ್ ಸ್ವಲ್ಪ ಬೆಳಕು ಚೆಲ್ಲಿತು. 1998ರಲ್ಲಿ ಆರ್ನೆ ಮೇ, ಗೋಡ್ಸ್‌ಬಿ ಮತ್ತಿತರರು ಕ್ಲಸ್ಟರ್ ನೋವಿನ ಹೊತ್ತಿನಲ್ಲಿ ಹೈಪೊಥಲಾಮಸ್ ಎಚ್ಚೆತ್ತಿರುವುದನ್ನು ತೋರಿಸಿದರು. ನಿದ್ದೆ ಎಚ್ಚರಗಳ, ಹಗಲು ರಾತ್ರಿಗಳ ಲಯ ನೋಡಿಕೊಳ್ಳುವ ಭಾಗವದು. 2004ರಲ್ಲಿ ಮಂಜಿತ್ ಮಥಾರು ಮತ್ತು ಸಹೋದ್ಯೋಗಿಗಳು ಹೆಮಿಕ್ರೇನಿಯಾ ಕಂಟಿನ್ಯುವಾದಲ್ಲೂ, 2006ರಲ್ಲಿ ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾದಲ್ಲೂ ನೋವಿನ ಎದುರು ಬದಿಯ ಹೈಪೊಥಲಾಮಸ್ಸಿನ ಹಿಂಭಾಗ ಚುರುಕಾಗಿರುವುದನ್ನು ಕಂಡರು. ಕಣ್ಣು ಕಣತಲೆಗಳಲ್ಲಿ ಉರಿಯುವ ನೋವಿನ ಬೇರು ಮಿದುಳಿನ ಆಳದಲ್ಲಿದೆ ಎಂಬುದಕ್ಕೆ ಇದು ಬಲವಾದ ಸಾಕ್ಷಿ. ಆದರೆ ಈ ಸ್ಕ್ಯಾನ್ ಸಂಶೋಧನೆಗೆ ಮಾತ್ರ; ಒಬ್ಬ ರೋಗಿಯ ಕಾಯಿಲೆ ಗುರುತಿಸಲು ಅದನ್ನು ಬಳಸುವುದಿಲ್ಲ.

ಮಾತ್ರೆ ಫಲಿಸಿದರೂ ಅದನ್ನು ವರ್ಷಗಟ್ಟಲೆ ನುಂಗಲಾರದವರು ಬಹಳ ಮಂದಿ. ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ತೊಂದರೆ ಇರುವವರಿಗೆ ಅದನ್ನು ಕೊಡುವಂತೆಯೇ ಇಲ್ಲ. ಹಾಗಾಗಿ ಕಳೆದ ಎರಡು ದಶಕಗಳ ಹುಡುಕಾಟವೆಲ್ಲ ಬದಲಿ ಮದ್ದಿನದು. ನೋವು ಹಿಡಿತಕ್ಕೆ ಬಂದ ಮೇಲೆ ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತ, ನೋವು ತಲೆಯೆತ್ತದ ಅತಿ ಕಡಿಮೆ ಮಟ್ಟದಲ್ಲಿ ನಿಲ್ಲಿಸುವುದು ಮೊದಲ ಉಪಾಯ. ಇಂಡೊಮೆಥಸಿನ್ನಿನಂತೆಯೇ ಇಂಡೋಲ್ ರಚನೆ ಹೊಂದಿದ ಮೆಲಟೋನಿನ್ ಕೆಲವರಿಗೆ ನೆರವಾಗಿ ಮಾತ್ರೆಯ ಪ್ರಮಾಣ ತಗ್ಗಿಸಿದೆ, ಒಂದಿಬ್ಬರಿಗೆ ಪೂರ್ತಿ ಬಿಡಿಸಿದೆ. ಸೆಲಿಕಾಕ್ಸಿಬ್, ಟೊಪಿರಮೇಟ್, ಕುತ್ತಿಗೆಯ ಹಿಂಬದಿಯ ನರಕ್ಕೆ ಕೊಡುವ ಚುಚ್ಚುಮದ್ದು, ಬೊಟುಲಿನಮ್ ಟಾಕ್ಸಿನ್ ಇವೂ ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟಿಗೆ ಕೆಲಸ ಮಾಡಿವೆ. ದಖ್ಖನ್ನಿನ ಒಣಕಾಡುಗಳಲ್ಲಿ ಬೆಳೆಯುವ, ಆಯುರ್ವೇದ ಶಲ್ಲಕಿ ಎಂದು ಕರೆಯುವ ಬೋಸ್ವೆಲಿಯಾ ಸೆರ್ರಾಟ ಮರದ ಅಂಟಿನ ಸಾರವನ್ನು ಹೆಮಿಕ್ರೇನಿಯಾ ಕಂಟಿನ್ಯುವಾ ರೋಗಿಗಳಿಗೆ ಕೊಟ್ಟ ಸಣ್ಣ ಅಧ್ಯಯನಗಳಿವೆ. ಫಲ ಆಶಾದಾಯಕವಾಗಿದ್ದರೂ ರೋಗಿಗಳ ಸಂಖ್ಯೆ ಬಹಳ ಕಡಿಮೆ. ಅಂಗಡಿಯಲ್ಲಿ ಸಿಗುವ ಶಲ್ಲಕಿ ಮಾತ್ರೆಯನ್ನು ವೈದ್ಯರನ್ನು ಕೇಳದೆ ಇದರ ಬದಲಿಗೆ ನುಂಗುವುದು ತರವಲ್ಲ. ಏನೂ ಒಗ್ಗದವರಿಗೆ ತಲೆಯ ಹಿಂಭಾಗದ ಆಕ್ಸಿಪಿಟಲ್ ನರದ ಬಳಿ ಚರ್ಮದಡಿ ಸಣ್ಣ ವಿದ್ಯುತ್ ಸಾಧನ ಇಡುವ ಪ್ರಯೋಗವನ್ನು ಲಂಡನ್ನಿನ ಬರ್ನ್ಸ್, ವಾಟ್ಕಿನ್ಸ್ ಮತ್ತು ಗೋಡ್ಸ್‌ಬಿ 2008ರಲ್ಲಿ ವರದಿ ಮಾಡಿದರು. ಹೆಮಿಕ್ರೇನಿಯಾ ಕಂಟಿನ್ಯುವಾದ ಆರು ರೋಗಿಗಳಲ್ಲಿ ಹೆಚ್ಚಿನವರಿಗೆ ಅದರಿಂದ ಸ್ಪಷ್ಟ ಉಪಶಮನ ಸಿಕ್ಕಿತು. ಪರಿಣಾಮ ಕಾಣಲು ದಿನಗಳಿಂದ ವಾರಗಳಷ್ಟು ಹಿಡಿಯಿತು, ಸಾಧನ ನಿಲ್ಲಿಸಿದ ಮೇಲೆ ನೋವು ಮತ್ತೆ ಹೆಚ್ಚಿತು.